ಸರ್ವರ್ ಮಾನಿಟರಿಂಗ್: ಮೆಮೊರಿ ಲೆಕ್ಕ ಸರಿಪಡಿಸಿ, ಎರರ್ ಲಾಗ್ ಗಟ್ಟಿ ಮಾಡುವ ಸಮಗ್ರ ಮಾರ್ಗದರ್ಶಿ

ಡ್ಯಾಶ್‌ಬೋರ್ಡಿನಲ್ಲಿ ಮೆಮೊರಿ 97% ಎಂದು ಕೆಂಪಗೆ ಉರಿಯುತ್ತಿರುತ್ತದೆ, ಸರ್ವರ್ ಮಾತ್ರ ಆರಾಮಾಗಿ ಓಡುತ್ತಿರುತ್ತದೆ. ಇನ್ನೊಂದು ಕಡೆ 36% ಎಂಬ ಹಸಿರು ಗೆರೆ ನೋಡಿ ಎಲ್ಲರೂ ಮನೆಗೆ ಹೋಗಿರುತ್ತಾರೆ, ರಾತ್ರಿ ಡೇಟಾಬೇಸ್ ಪ್ರೋಸೆಸ್ ಸತ್ತು ಬಿದ್ದಿರುತ್ತದೆ. ಎರಡೂ ಕಡೆ ಏಜೆಂಟ್ (ಸರ್ವರ್‌ನಲ್ಲಿ ಕೂತು ಅಂಕಿ ಓದಿ ಕಳಿಸುವ ಪ್ರೋಗ್ರಾಂ) ಹೇಳಿದ ಅಂಕಿ ಸುಳ್ಳಲ್ಲ. ಅದು ಉತ್ತರಿಸಿದ ಪ್ರಶ್ನೆ ತಪ್ಪು. ನಮಗೆ ಬೇಕಿರುವುದು "ಎಷ್ಟು ಮೆಮೊರಿ ತುಂಬಿದೆ" ಎಂಬುದಲ್ಲ, "ಈ ಕ್ಷಣ ಒಂದು ಪ್ರೋಸೆಸ್ ಮೆಮೊರಿ ಕೇಳಿದರೆ ಸಿಗುತ್ತದೆಯೇ" ಎಂಬುದು. ಲಾಗಿನ ವಿಷಯದಲ್ಲೂ ಇಂಥದೇ ಒಂದು ನಿಯಮವಿದೆ: ಅಳೆಯಲು ಆಗದಿದ್ದರೆ "ಗೊತ್ತಿಲ್ಲ" ಎನ್ನಬೇಕು, ಸೊನ್ನೆ ಎನ್ನಬಾರದು. ಮುಂದಿನ ಎಲ್ಲ ಹಂತಗಳೂ ಈ ಎರಡು ಮಾತುಗಳ ಮೇಲೆ ನಿಂತಿವೆ.

ಇಲ್ಲಿರುವುದು ಲಿನಕ್ಸ್ ಸರ್ವರ್‌ಗಳ ಕಥೆ. ಪ್ರೊಮೀಥಿಯಸ್‌ನ ನೋಡ್ ಎಕ್ಸ್‌ಪೋರ್ಟರ್, ಜ್ಯಾಬಿಕ್ಸ್, ನಾಗಿಯೋಸ್ ಪ್ಲಗಿನ್, ಅಥವಾ ನೀವೇ ಬರೆದ ಏಜೆಂಟ್, ಯಾವುದಿದ್ದರೂ ಅಂಕಿಗಳು ಬರುವುದು ಕರ್ನಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಅದೇ ಫೈಲುಗಳಿಂದ.

ಹಂತ 1: ಯಾವ ಸೂತ್ರ ಬಳಕೆಯಲ್ಲಿದೆ ಎಂದು ಮೊದಲು ಪತ್ತೆಮಾಡಿ

/ಪ್ರಾಕ್/ಮೆಮ್‌ಇನ್ಫೋ ಫೈಲನ್ನು ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. 16 ಜಿಬಿ ಸರ್ವರ್ ಒಂದರಲ್ಲಿ ಈ ಅಂಕಿಗಳು ಇವೆ ಎಂದುಕೊಳ್ಳೋಣ:

ಮೆಮ್‌ಟೋಟಲ್: 16265432 ಕೆಬಿ
ಮೆಮ್‌ಫ್ರೀ: 412680 ಕೆಬಿ
ಮೆಮ್‌ಅವೈಲಬಲ್: 6410928 ಕೆಬಿ
ಬಫರ್ಸ್: 183204 ಕೆಬಿ
ಕ್ಯಾಶ್ಡ್: 9870116 ಕೆಬಿ
ಶ್‌ಮೆಮ್: 4301552 ಕೆಬಿ
ಎಸ್‌ರಿಕ್ಲೇಮಬಲ್: 521340 ಕೆಬಿ

ಟೋಟಲ್‌ನಿಂದ ಫ್ರೀ ಮಾತ್ರ ಕಳೆದರೆ ಬಳಕೆ 97.5%. ಫ್ರೀ, ಬಫರ್ಸ್, ಕ್ಯಾಶ್ಡ್ ಮೂರನ್ನೂ ಕಳೆದರೆ 35.7%. ಟೋಟಲ್‌ನಿಂದ ಅವೈಲಬಲ್ ಕಳೆದರೆ 60.6%. ಯಂತ್ರ ಒಂದೇ, ಕ್ಷಣವೂ ಒಂದೇ, ಉತ್ತರ ಮಾತ್ರ ಮೂರು.

ಮೊದಲನೆಯದು ತಪ್ಪು, ಏಕೆಂದರೆ ಖಾಲಿ ಉಳಿದ ಮೆಮೊರಿಯನ್ನು ಕರ್ನಲ್ ಡಿಸ್ಕಿನಿಂದ ಓದಿದ ಫೈಲುಗಳನ್ನು ಇಟ್ಟುಕೊಳ್ಳಲು ಬಳಸುತ್ತದೆ. ಯಾರಾದರೂ ಕೇಳಿದರೆ ಅದರಲ್ಲಿ ಬಹುಪಾಲನ್ನು ಬಿಟ್ಟುಕೊಡುತ್ತದೆ. ಎರಡನೆಯದು ಹೆಚ್ಚು ಅಪಾಯದ ತಪ್ಪು. ಕ್ಯಾಶ್ಡ್ ಎಂಬ ಅಂಕಿಯ ಒಳಗೆ ಶ್‌ಮೆಮ್, ಅಂದರೆ ಹಂಚಿಕೊಂಡ ಮೆಮೊರಿ ಕೂಡ ಸೇರಿದೆ. ಟಿಎಂಪಿಎಫ್‌ಎಸ್ ಎಂಬ, ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಂನ ಫೈಲುಗಳು, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಶೇರ್ಡ್ ಬಫರ್‌ಗಳು ಬರುವುದು ಅಲ್ಲಿ. ಅವನ್ನು ಡಿಸ್ಕಿಗೆ ಮರಳಿಸಿ ಬಿಡಿಸಿಕೊಳ್ಳಲು ಆಗುವುದಿಲ್ಲ; ಸ್ವಾಪ್ (ಮೆಮೊರಿಯಿಂದ ಹೊರಹಾಕಿದ್ದನ್ನು ಇಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ) ಇದ್ದರೆ ಅಲ್ಲಿಗೆ ತಳ್ಳಬಹುದು, ಇಲ್ಲದಿದ್ದರೆ ಅವು ಅಲ್ಲೇ ಕೂತಿರುತ್ತವೆ. ಮೇಲಿನ ಲೆಕ್ಕದಲ್ಲಿ 4 ಜಿಬಿಗೂ ಹೆಚ್ಚು ಮೆಮೊರಿಯನ್ನು "ಖಾಲಿ" ಎಂದು ಎಣಿಸಿದ್ದು ಇದೇ ಕಾರಣಕ್ಕೆ. ಡೇಟಾಬೇಸ್ ಸರ್ವರ್‌ಗಳಲ್ಲಿ ಹಸಿರು ಗ್ರಾಫಿನ ನಡುವೆಯೇ ಪ್ರೋಸೆಸ್ ಸಾಯುವುದರ ಹಿಂದೆ ಬಹಳ ಸಲ ಈ ಸೂತ್ರವೇ ಇರುತ್ತದೆ.

ಮೆಮ್‌ಅವೈಲಬಲ್ ಬಂದದ್ದು 2014ರ 3.14 ಕರ್ನಲ್‌ನಲ್ಲಿ. ಕರ್ನಲ್ ತಾನು ಕಾಯ್ದಿರಿಸಿಕೊಳ್ಳುವ ಕನಿಷ್ಠ ಮಟ್ಟವನ್ನು ಬಿಟ್ಟು, ಮರಳಿ ಪಡೆಯಬಹುದಾದ ಫೈಲ್ ಪುಟಗಳ ಹಾಗೂ ಸ್ಲ್ಯಾಬ್‌ನ (ಕರ್ನಲ್ ತನ್ನ ಸ್ವಂತ ಕೆಲಸಕ್ಕೆ ಬಳಸುವ ಮೆಮೊರಿ; ಅದರಲ್ಲಿ ಬಿಟ್ಟುಕೊಡಬಲ್ಲ ಭಾಗವೇ ಎಸ್‌ರಿಕ್ಲೇಮಬಲ್) ಒಂದು ಪಾಲನ್ನು ಮಾತ್ರ ಸೇರಿಸಿ ಕೊಡುವ ಅಂದಾಜು ಇದು. ಏಜೆಂಟ್‌ನಲ್ಲಿ ಇದಕ್ಕಿಂತ ಜಾಣ ಸೂತ್ರ ಬರೆಯಲು ಹೋಗಬೇಡಿ. ಆ ಸಾಲು ಇಲ್ಲದಷ್ಟು ಹಳೆಯ ಕರ್ನಲ್ ಇದ್ದರೆ ಫ್ರೀ, ಬಫರ್ಸ್, ಕ್ಯಾಶ್ಡ್, ಎಸ್‌ರಿಕ್ಲೇಮಬಲ್ ಕೂಡಿಸಿ ಶ್‌ಮೆಮ್ ಕಳೆಯಿರಿ, ಜೊತೆಗೆ "ಅಂದಾಜು" ಎಂಬ ಲೇಬಲ್ ಹಚ್ಚಿ. ನಮ್ಮ ಉದಾಹರಣೆಯಲ್ಲಿ ಹೀಗೆ ಮಾಡಿದರೆ 6685788 ಬರುತ್ತದೆ, ಕರ್ನಲ್ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು. ಅಪಾಯವಿಲ್ಲದಷ್ಟು ಹತ್ತಿರ, ಆದರೆ ಎರಡನ್ನೂ ಒಂದೇ ಹೆಸರಿನಲ್ಲಿ ಬೆರೆಸಬಾರದು.

ಜ್ಯಾಬಿಕ್ಸ್ ಬಳಸುವವರು ಐಟಂನ ಕೀಯಲ್ಲಿ ಫ್ರೀ ಬದಲು ಅವೈಲಬಲ್ ಅಥವಾ ಪಿಅವೈಲಬಲ್ ಇದೆಯೇ ನೋಡಿ. ನೋಡ್ ಎಕ್ಸ್‌ಪೋರ್ಟರ್ ಎಲ್ಲ ಸಾಲುಗಳನ್ನೂ ಹಾಗೆಯೇ ಕೊಡುತ್ತದೆ. ಅಲ್ಲಿ ತಪ್ಪಿರುವುದು ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕ್ವೆರಿಯಲ್ಲಿ.

ಹಂತ 2: ಅಳತೆಯ ಮಾನ ಸರಿಪಡಿಸಿ

ಮೆಮ್‌ಇನ್ಫೋದಲ್ಲಿ ಕೆಬಿ ಎಂದು ಬರೆದಿದ್ದರೂ ಅದು 1024 ಬೈಟಿನ ಘಟಕ. 1000ದಿಂದ ಗುಣಿಸಿದರೆ ಅಂಕಿ 2.3% ಕಡಿಮೆಯಾಗುತ್ತದೆ. ಜಿಬಿ ಮಟ್ಟದಲ್ಲಿ ಎರಡು ಪದ್ಧತಿಗಳ ಅಂತರ 7.4%ಗೆ ಏರುತ್ತದೆ. ನಮ್ಮ ಉದಾಹರಣೆಯ ಟೋಟಲ್ ಒಂದು ಪದ್ಧತಿಯಲ್ಲಿ 15.51, ಇನ್ನೊಂದರಲ್ಲಿ 16.66. "ಸರ್ವರ್‌ನಿಂದ 1 ಜಿಬಿ ಕಾಣೆಯಾಗಿದೆ" ಎಂಬ ಟಿಕೆಟ್‌ಗಳು ಹುಟ್ಟುವುದು ಇಲ್ಲಿಯೇ. ಒಳಗೆ ಎಲ್ಲವನ್ನೂ ಬೈಟ್‌ನಲ್ಲೇ ಇಡಿ, 64 ಬಿಟ್ ಪೂರ್ಣಾಂಕದಲ್ಲಿ. ತೋರಿಸುವಾಗ ಮಾತ್ರ ಬದಲಿಸಿ.

ಪ್ರತಿ ಪ್ರೋಸೆಸ್‌ನ ಸ್ಟ್ಯಾಟ್‌ಎಂ ಫೈಲು ಇನ್ನೂ ಒಂದು ಬಲೆ. ಅದರ ಅಂಕಿಗಳು ಬೈಟೂ ಅಲ್ಲ, ಕೆಬಿಯೂ ಅಲ್ಲ, ಪುಟಗಳು, ಅಂದರೆ ಕರ್ನಲ್ ಮೆಮೊರಿ ಹಂಚುವ ತುಂಡುಗಳು. ಎಕ್ಸ್86ನಲ್ಲಿ ಒಂದು ಪುಟ 4096 ಬೈಟ್. ಆದರೆ ಆರ್ಮ್ 64 ಯಂತ್ರಗಳಲ್ಲಿ 16 ಅಥವಾ 64 ಕೆಬಿಯ ಪುಟಗಳೂ ಇರಬಹುದು. ಕೋಡಿನಲ್ಲಿ 4096 ಎಂದು ನೇರವಾಗಿ ಬರೆದಿದ್ದರೆ ಅಲ್ಲಿ ಲೆಕ್ಕ 4 ಅಥವಾ 16 ಪಟ್ಟು ಕಡಿಮೆ ಬರುತ್ತದೆ. ಗೆಟ್‌ಕಾನ್ಫ್ ಆಜ್ಞೆಗೆ ಪೇಜ್‌ಸೈಜ್ ಎಂದು ಕೊಟ್ಟು ಆಯಾ ಯಂತ್ರದಲ್ಲೇ ಕೇಳಿ.

ಹಂತ 3: ಪ್ರೋಸೆಸ್‌ಗಳ ಮೊತ್ತ ಏಕೆ ಕೂಡಿಬರುವುದಿಲ್ಲ

ಎಲ್ಲ ಪ್ರೋಸೆಸ್‌ಗಳ ಆರ್‌ಎಸ್‌ಎಸ್ (ಪ್ರೋಸೆಸ್ ಆ ಕ್ಷಣ ನಿಜವಾಗಿ ಹಿಡಿದಿರುವ ಮೆಮೊರಿ) ಕೂಡಿಸಿದರೆ ಯಂತ್ರದ ಒಟ್ಟು ಮೆಮೊರಿಯನ್ನೂ ಮೀರಬಹುದು. ಹಂಚಿಕೊಂಡ ಪುಟಗಳನ್ನು ಆರ್‌ಎಸ್‌ಎಸ್ ಪ್ರತಿಯೊಂದು ಪ್ರೋಸೆಸ್‌ನಲ್ಲೂ ಪೂರ್ತಿಯಾಗಿ ಎಣಿಸುತ್ತದೆ. ಒಂದೇ ಮನೆಯ ಬಾಡಿಗೆಯನ್ನು ಮನೆಯಲ್ಲಿರುವ ಐವರ ಲೆಕ್ಕದಲ್ಲೂ ಪೂರ್ತಿ ಬರೆದಂತೆ. ಪಿಎಸ್‌ಎಸ್ ಆ ಬಾಡಿಗೆಯನ್ನು ಐದು ಪಾಲು ಮಾಡುತ್ತದೆ. ಪ್ರೋಸೆಸ್‌ಗಳನ್ನು ಕೂಡಿಸಿ ತೋರಿಸುವ ಎಲ್ಲ ಕಡೆ ಪಿಎಸ್‌ಎಸ್ ಬಳಸಿ.

ಇದನ್ನು ಕೊಡುವ ಸ್ಮ್ಯಾಪ್ಸ್ ಫೈಲನ್ನು ಓದುವುದು ಮಾತ್ರ ದುಬಾರಿ. ಕರ್ನಲ್ ಆ ಪ್ರೋಸೆಸ್‌ನ ಮೆಮೊರಿ ನಕ್ಷೆಯನ್ನೆಲ್ಲ ಲಾಕ್ ಹಿಡಿದು ಸುತ್ತಬೇಕು. 15 ಸೆಕೆಂಡಿಗೊಮ್ಮೆ ಎಲ್ಲ ಪ್ರೋಸೆಸ್‌ಗಳ ಸ್ಮ್ಯಾಪ್ಸ್ ಓದುವ ಏಜೆಂಟ್, ತಾನು ಕಾಯಬೇಕಾದ ಸರ್ವರ್‌ಗೆ ತಾನೇ ಹೊರೆಯಾಗುತ್ತದೆ. ಹೀಗೆ ಮಾಡಿ: ಸ್ಟೇಟಸ್ ಫೈಲಿನ ಆರ್‌ಎಸ್‌ಎಸ್‌ಆನಾನ್ (ಯಾವ ಫೈಲಿಗೂ ಸೇರದ, ಪ್ರೋಸೆಸ್‌ನ ಸ್ವಂತ ಮೆಮೊರಿ) ಸಾಲನ್ನು ಪ್ರತಿ ಸುತ್ತಿನಲ್ಲೂ ಓದಿ, ಅದರಲ್ಲಿ ಮೇಲಿನ 10 ಪ್ರೋಸೆಸ್‌ಗಳನ್ನು ಆರಿಸಿ, ಅವುಗಳ ಸ್ಮ್ಯಾಪ್ಸ್_ರೋಲ್‌ಅಪ್ ಅನ್ನು 5 ನಿಮಿಷಕ್ಕೊಮ್ಮೆ ಓದಿ. ರೋಲ್‌ಅಪ್ 2017ರ 4.14 ಕರ್ನಲ್‌ನಿಂದ ಇದೆ. ಮೊತ್ತವನ್ನಷ್ಟೇ ಕೊಡುವುದರಿಂದ ಸಾವಿರಾರು ಸಾಲುಗಳನ್ನು ಪಾರ್ಸ್ ಮಾಡುವ ಕೆಲಸ ಉಳಿಯುತ್ತದೆ. ಮೆಮೊರಿ ಸೋರಿಕೆ ಹುಡುಕುವವರಿಗೆ ಆರ್‌ಎಸ್‌ಎಸ್‌ಆನಾನ್ ಗೆರೆಯೇ ಹೆಚ್ಚು ಉಪಯುಕ್ತ, ಅದರಲ್ಲಿ ಫೈಲ್ ಪುಟಗಳ ಏರಿಳಿತ ಬೆರೆತಿರುವುದಿಲ್ಲ.

ಯಾವ ಪ್ರೋಸೆಸ್‌ನ ಲೆಕ್ಕಕ್ಕೂ ಬಾರದ ಮೆಮೊರಿಯೂ ಇದೆ. ಹ್ಯೂಜ್ ಪೇಜ್‌ಗಳನ್ನು (ಮಾಮೂಲಿಗಿಂತ ಬಹಳ ದೊಡ್ಡ ಪುಟಗಳು) ಕಾಯ್ದಿರಿಸಿದ್ದರೆ ಅಷ್ಟೂ ಮೆಮೊರಿ ಬಳಸಿದರೂ ಬಳಸದಿದ್ದರೂ ಫ್ರೀಯಿಂದ ಹೊರಗೆ ಹೋಗಿರುತ್ತದೆ. ಹ್ಯೂಜ್‌ಪೇಜಸ್_ಟೋಟಲ್ ಅನ್ನು ಹ್ಯೂಜ್‌ಪೇಜ್‌ಸೈಜ್‌ನಿಂದ ಗುಣಿಸಿ ಗ್ರಾಫಿನಲ್ಲಿ ಬೇರೆ ಬಣ್ಣದಲ್ಲಿ ತೋರಿಸಿ. ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಇದ್ದರೆ ಅದರ ಆರ್ಕ್ ಕ್ಯಾಶ್ ಕೂಡ ಕ್ಯಾಶ್ಡ್‌ನಲ್ಲಿ ಕಾಣುವುದಿಲ್ಲ, ಅವೈಲಬಲ್‌ನಲ್ಲೂ ಸೇರುವುದಿಲ್ಲ. ಆರ್ಕ್‌ಸ್ಟ್ಯಾಟ್ಸ್ ಫೈಲಿನ ಸೈಜ್ ಸಾಲನ್ನು ಬೇರೆಯಾಗಿ ತನ್ನಿ.

ಹಂತ 4: ಕಂಟೇನರ್ ಒಳಗಿನ ಲೆಕ್ಕ ಬೇರೆ

ಕಂಟೇನರ್ ಒಳಗೆ ಕೂತು ಮೆಮ್‌ಇನ್ಫೋ ಓದಿದರೆ ಸಾಮಾನ್ಯವಾಗಿ ಸಿಗುವುದು ಹೋಸ್ಟ್ ಯಂತ್ರದ ಅಂಕಿ. 512 ಎಂಬಿ ಮಿತಿಯ ಕಂಟೇನರ್ 64 ಜಿಬಿ ಇದೆ ಎಂದು ನಂಬಿ ಓಡುತ್ತಿರುತ್ತದೆ. ಕಂಟೇನರ್‌ಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆಯಾದ ಸಿಗ್ರೂಪ್‌ನ 2ನೇ ಆವೃತ್ತಿಯಲ್ಲಿ ಓದಬೇಕಾದ ಫೈಲುಗಳು ಮೆಮೊರಿ.ಕರೆಂಟ್, ಮೆಮೊರಿ.ಮ್ಯಾಕ್ಸ್, ಮೆಮೊರಿ.ಸ್ಟ್ಯಾಟ್, ಮೆಮೊರಿ.ಇವೆಂಟ್ಸ್.

ಮಿತಿಯೇ ಇಲ್ಲದಿದ್ದಾಗ ಮೆಮೊರಿ.ಮ್ಯಾಕ್ಸ್‌ನಲ್ಲಿ ಅಂಕಿ ಇರುವುದಿಲ್ಲ, "ಮ್ಯಾಕ್ಸ್" ಎಂಬ ಪದ ಇರುತ್ತದೆ. ಅದನ್ನು ಅಂಕಿಯೆಂದು ಓದಲು ಹೋಗಿ ವಿಫಲವಾದ ಕೋಡು ಸೊನ್ನೆ ಹಿಂದಿರುಗಿಸಿದರೆ ಮುಂದಿನ ಸಾಲಿನಲ್ಲಿ ಸೊನ್ನೆಯಿಂದ ಭಾಗಾಕಾರ. ಹಳೆಯ 1ನೇ ಆವೃತ್ತಿಯಲ್ಲಿ ಇದೇ ಜಾಗದಲ್ಲಿ 9223372036854771712 ಎಂಬ ರಾಕ್ಷಸ ಸಂಖ್ಯೆ ಬರುತ್ತದೆ, ಬಳಕೆ ಸದಾ 0% ಎಂದು ತೋರುತ್ತದೆ. ಎರಡನ್ನೂ "ಮಿತಿ ಇಲ್ಲ" ಎಂದೇ ದಾಖಲಿಸಿ, ಶೇಕಡಾವಾರು ಲೆಕ್ಕವನ್ನೇ ಬಿಡಿ.

ಮೆಮೊರಿ.ಕರೆಂಟ್‌ನಲ್ಲಿ ಫೈಲ್ ಕ್ಯಾಶ್ ಸೇರಿರುವುದರಿಂದ ಹೆಚ್ಚು ಫೈಲು ಬರೆಯುವ ಕಂಟೇನರ್ ನಿಧಾನವಾಗಿ ಮಿತಿಯ ಹತ್ತಿರ ಹೋಗಿ ಅಲ್ಲೇ ನಿಲ್ಲುತ್ತದೆ. ಅದು ಸೋರಿಕೆಯಲ್ಲ. ಕರೆಂಟ್‌ನಿಂದ ಮೆಮೊರಿ.ಸ್ಟ್ಯಾಟ್‌ನ ಇನ್‌ಆ್ಯಕ್ಟಿವ್_ಫೈಲ್ ಕಳೆದು ತೋರಿಸಿ. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ "ವರ್ಕಿಂಗ್ ಸೆಟ್" ಎನ್ನುವುದೂ ಇದನ್ನೇ.

ಹಂತ 5: ಅಲರ್ಟ್ ಯಾವುದಕ್ಕೆ

ಶೇಕಡಾವಾರು ಒಂದನ್ನೇ ನೆಚ್ಚಿ ಅಲರ್ಟ್ ಹಾಕಿದರೆ ಅದು "ತೋಳ ಬಂತು ತೋಳ" ಆಗಿಬಿಡುತ್ತದೆ. 2018ರ 4.20 ಕರ್ನಲ್‌ನಿಂದ /ಪ್ರಾಕ್/ಪ್ರೆಶರ್/ಮೆಮೊರಿ ಎಂಬ ಫೈಲಿದೆ. ಮೆಮೊರಿಗಾಗಿ ಕೆಲಸಗಳು ಎಷ್ಟು ಹೊತ್ತು ಕಾದು ನಿಂತವು ಎಂಬುದನ್ನು ಅದು ಹೇಳುತ್ತದೆ. "ಸಮ್" ಸಾಲು ಯಾವುದಾದರೂ ಒಂದು ಕೆಲಸ ಕಾದ ಹೊತ್ತು. "ಫುಲ್" ಸಾಲು ಎಲ್ಲವೂ ಒಟ್ಟಿಗೆ ನಿಂತುಬಿಟ್ಟ ಹೊತ್ತು. ಕೊನೆಯಲ್ಲಿರುವ ಟೋಟಲ್ ಮೈಕ್ರೋಸೆಕೆಂಡ್‌ಗಳಲ್ಲಿದೆ: 60 ಸೆಕೆಂಡಿನಲ್ಲಿ ಅದು 30,00,000 ಏರಿದರೆ 5% ಸಮಯ ಕಾಯುವುದರಲ್ಲೇ ಹೋಯಿತೆಂದು ಅರ್ಥ. ರೆಡ್ ಹ್ಯಾಟ್ 8ರ ಕರ್ನಲ್‌ನಲ್ಲಿ ಇದನ್ನು ಬೂಟ್ ಸಾಲಿಗೆ ಪಿಎಸ್‌ಐ=1 ಸೇರಿಸಿ ಚಾಲೂ ಮಾಡಬೇಕು.

ಶುರುವಿಗೆ ಈ ಮಿತಿಗಳು ಸಾಕು, ಆಮೇಲೆ ನಿಮ್ಮ ಹೊರೆ ನೋಡಿ ತಿದ್ದಿಕೊಳ್ಳಿ. ಅವೈಲಬಲ್ 10%ಗಿಂತ ಕೆಳಗೆ 10 ನಿಮಿಷ ಇದ್ದು, ಜೊತೆಗೆ "ಸಮ್" 5% ದಾಟಿದ್ದರೆ ಎಚ್ಚರಿಕೆ. "ಫುಲ್" 5%ನ ಮೇಲೆ 2 ನಿಮಿಷ ನಿಂತರೆ ಫೋನ್ ಹೊಡೆಯಬೇಕು. /ಪ್ರಾಕ್/ವಿಎಂಸ್ಟ್ಯಾಟ್‌ನ ಊಮ್_ಕಿಲ್ ಎಣಿಕೆ (ಮೆಮೊರಿ ಸಾಲದೆ ಕರ್ನಲ್ ಕೊಂದ ಪ್ರೋಸೆಸ್‌ಗಳ ಸಂಖ್ಯೆ) ಒಂದೇ ಒಂದು ಏರಿದರೂ ತಕ್ಷಣ ತಿಳಿಸಿ. ಸ್ವಾಪ್ ತುಂಬಿದೆ ಎಂಬುದಕ್ಕೆ ಅಲರ್ಟ್ ಬೇಡ. ಎಂದೋ ಹೊರಹೋದ ಪುಟಗಳು ಅಲ್ಲಿ ತೆಪ್ಪಗೆ ಮಲಗಿರಬಹುದು. ಪಿಎಸ್‌ಡಬ್ಲ್ಯುಪಿಇನ್ (ಸ್ವಾಪ್‌ನಿಂದ ಮರಳಿ ತಂದ ಪುಟಗಳ ಎಣಿಕೆ) ಎಡೆಬಿಡದೆ ಏರುತ್ತಿದ್ದರೆ ಅದು ನಿಜವಾದ ತೊಂದರೆ.

ಹಂತ 6: ಅಳೆಯಲಾಗದಿದ್ದಾಗ ಏನು ಹೇಳಬೇಕು

ಮಾನಿಟರಿಂಗ್ ಕೋಡಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ ಸಾಲು ಎಂದರೆ, ಎರರ್ ಹಿಡಿದು ಸೊನ್ನೆ ಹಿಂದಿರುಗಿಸುವ ಸಾಲು. ಬಳಕೆ 0 ಎಂದು ಬಂದರೆ ಎಲ್ಲ ಅಲರ್ಟ್‌ಗಳೂ ಮಲಗುತ್ತವೆ. ನಾಗಿಯೋಸ್ ಪ್ಲಗಿನ್ ಆದರೆ ಇಂಥ ಹೊತ್ತಿನಲ್ಲಿ ಎಕ್ಸಿಟ್ ಕೋಡ್ 3, ಅಂದರೆ ಅನ್‌ನೋನ್ ಕೊಡಬೇಕು. 0 ಕೊಟ್ಟರೆ ಎಲ್ಲ ಸರಿಯಿದೆ ಎಂದಾಗುತ್ತದೆ.

ಪ್ರೊಮೀಥಿಯಸ್‌ನಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. ಮೆಟ್ರಿಕ್ ಬರುವುದೇ ನಿಂತರೆ "10%ಗಿಂತ ಕಡಿಮೆಯೇ" ಎಂಬ ನಿಯಮಕ್ಕೆ ಹೋಲಿಸಲು ಏನೂ ಸಿಗುವುದಿಲ್ಲ, ಅಲರ್ಟ್ ಸುಮ್ಮನಿರುತ್ತದೆ. ಆದ್ದರಿಂದ ಅಪ್ ಎಂಬ ಮೆಟ್ರಿಕ್ 0 ಆಗಿದೆಯೇ, ನೋಡ್_ಸ್ಕ್ರೇಪ್_ಕಲೆಕ್ಟರ್_ಸಕ್ಸೆಸ್ 0 ಆಗಿದೆಯೇ ಎಂಬ ಎರಡು ನಿಯಮಗಳನ್ನು ಬೇರೆಯಾಗಿ ಬರೆಯಲೇಬೇಕು. ಜ್ಯಾಬಿಕ್ಸ್‌ನಲ್ಲಿ ಇದೇ ಕೆಲಸಕ್ಕೆ ನೋಡೇಟಾ ಫಂಕ್ಷನ್ ಇದೆ.

ಹಂತ 7: ಎರರ್ ಸಾಲಿನಲ್ಲಿ ಏನಿರಬೇಕು

"ಮೆಮೊರಿ ಓದಲು ಆಗಲಿಲ್ಲ" ಎಂಬ ಲಾಗ್ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಫೈಲು, ಯಾವ ಎರರ್ ಸಂಖ್ಯೆ, ಎಷ್ಟನೇ ಯತ್ನ, ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಇಷ್ಟೂ ಬೇಕು. ಜೊತೆಗೆ /ಪ್ರಾಕ್/ಸಿಸ್/ಕರ್ನಲ್/ರ‍್ಯಾಂಡಮ್/ಬೂಟ್_ಐಡಿಯ ಮೌಲ್ಯವನ್ನೂ ಬರೆಯಿರಿ. ಎರರ್ ರೀಬೂಟ್‌ಗೆ ಮೊದಲೋ ಆಮೇಲೋ ಎಂಬ ಜಗಳ ಅಲ್ಲಿಗೇ ತೀರುತ್ತದೆ. ಸಮಯ ಯುಟಿಸಿಯಲ್ಲಿರಲಿ. ಬೆಂಗಳೂರಿನ ಸರ್ವರ್ +05:30ರಲ್ಲಿ, ಕ್ಲೌಡ್‌ನ ಸರ್ವರ್ ಯುಟಿಸಿಯಲ್ಲಿ ಬರೆದರೆ ಐದೂವರೆ ಗಂಟೆಯ ಅಂತರದ ಎರಡು ಘಟನೆಗಳು ಒಂದೇ ಎಂಬಂತೆ ಕಾಣುತ್ತವೆ.

ಸಿ ಭಾಷೆಯಲ್ಲಿ ಬರೆದ ಏಜೆಂಟ್ ಆದರೆ, ವಿಫಲವಾದ ಕಾಲ್‌ನ ಮರುಸಾಲಿನಲ್ಲೇ ಎರ್‌ನೋ (ಎರರ್ ಸಂಖ್ಯೆ) ಮೌಲ್ಯವನ್ನು ಒಂದು ವೇರಿಯಬಲ್‌ಗೆ ತೆಗೆದಿಡಿ. ನಡುವೆ ಫೈಲು ಮುಚ್ಚುವ ಅಥವಾ ಸಮಯ ಬರೆಯುವ ಇನ್ನೊಂದು ಕಾಲ್ ನುಸುಳಿದರೆ ಮೂಲ ಕಾರಣ ಅಳಿಸಿಹೋಗಿ ಸಂಬಂಧವಿಲ್ಲದ ಎರರ್ ಲಾಗ್ ಆಗುತ್ತದೆ.

ಎಲ್ಲ ಎರರ್‌ಗಳೂ ಒಂದೇ ತೂಕದವಲ್ಲ. ಪ್ರೋಸೆಸ್‌ಗಳ ಪಟ್ಟಿ ಓದಿ, ಒಂದೊಂದನ್ನೇ ತೆರೆಯುವಷ್ಟರಲ್ಲಿ ಕೆಲವು ಮುಗಿದುಹೋಗಿರುತ್ತವೆ. ಆಗ ಬರುವ 2 ಅಥವಾ 3 ಸಂಖ್ಯೆಯ ಎರರ್ ಸಹಜ. ಲಾಗ್ ಮಾಡದೆ ಎಣಿಕೆ ಮಾತ್ರ ಇಡಿ. ಸಂಖ್ಯೆ 13 ಬಂದರೆ ಅನುಮತಿ ಇಲ್ಲ, ಬಹುಮಟ್ಟಿಗೆ ಏಜೆಂಟ್‌ಗೆ ಪಿಟ್ರೇಸ್ ಸಾಮರ್ಥ್ಯ (ಬೇರೆ ಪ್ರೋಸೆಸ್‌ಗಳ ಒಳಗನ್ನು ನೋಡುವ ಅಧಿಕಾರ) ಕೊಟ್ಟಿಲ್ಲ. ಶುರುವಿನಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಸಾಕು. ಸಂಖ್ಯೆ 12 ಬಂದರೆ ಏಜೆಂಟ್‌ಗೇ ಮೆಮೊರಿ ಸಿಗುತ್ತಿಲ್ಲ. ಆ ಸಾಲನ್ನು ಬರೆಯಲು ಬೇಕಾದ 4 ಕೆಬಿ ಬಫರ್ ಮೊದಲೇ ಹಂಚಿಕೊಂಡಿರಬೇಕು, ಇಲ್ಲವಾದರೆ ಮೆಮೊರಿ ಇಲ್ಲ ಎಂದು ಹೇಳುವುದಕ್ಕೂ ಮೆಮೊರಿ ಇರುವುದಿಲ್ಲ.

ಒಂದೇ ಎರರ್ ಮತ್ತೆ ಮತ್ತೆ ಬಂದರೆ ಮೊದಲನೆಯದನ್ನು ಪೂರ್ತಿ ಬರೆಯಿರಿ, ಆಮೇಲೆ 60 ಸೆಕೆಂಡಿಗೊಂದು ಸಾಲು, "ಇದೇ ಎರರ್ ಇನ್ನೂ 412 ಸಲ" ಎಂಬಂತೆ. ಸರಿಹೋದಾಗ ಒಂದು ಸಾಲು ಬರೆಯುವುದನ್ನು ಮರೆಯಬೇಡಿ. ತೊಂದರೆ ಎಷ್ಟು ಹೊತ್ತು ಇತ್ತು ಎಂಬುದು ಗೊತ್ತಾಗುವುದು ಅದರಿಂದಲೇ. ಒಂದೇ ಎಂದು ಗುರುತಿಸುವ ಕೀಲಿಯಲ್ಲಿ ಪ್ರೋಸೆಸ್ ಐಡಿ ಸೇರಿಸಬೇಡಿ, ಸೇರಿಸಿದರೆ ಪ್ರತಿಯೊಂದೂ ಹೊಸದಾಗುತ್ತದೆ.

ಹಂತ 8: ಊಮ್ ಕಿಲ್ಲರ್‌ನ ದಾಖಲೆ ಓದುವುದು, ಉಳಿಸುವುದು

ಕರ್ನಲ್ ಲಾಗಿನಲ್ಲಿ ಈ ರೀತಿಯ ಸಾಲು ಬರುತ್ತದೆ:

ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೋಸೆಸ್ 4127 (ಜಾವಾ) ಟೋಟಲ್-ವಿಎಂ:9846212ಕೆಬಿ, ಆನಾನ್-ಆರ್‌ಎಸ್‌ಎಸ್:7012344ಕೆಬಿ, ಫೈಲ್-ಆರ್‌ಎಸ್‌ಎಸ್:0ಕೆಬಿ, ಶ್‌ಮೆಮ್-ಆರ್‌ಎಸ್‌ಎಸ್:0ಕೆಬಿ

ಟೋಟಲ್-ವಿಎಂ ನೋಡಿ ಗಾಬರಿಯಾಗಬೇಡಿ, ಅದು ಕೇಳಿಟ್ಟುಕೊಂಡ ವಿಳಾಸಗಳ ವ್ಯಾಪ್ತಿ ಮಾತ್ರ. ನಿಜವಾಗಿ ಹಿಡಿದಿದ್ದದ್ದು ಆನಾನ್-ಆರ್‌ಎಸ್‌ಎಸ್. ಈ ಸಾಲಿಗಿಂತ ಮೇಲೆ ಎಲ್ಲ ಪ್ರೋಸೆಸ್‌ಗಳ ಕೋಷ್ಟಕ ಇರುತ್ತದೆ. ಅಲ್ಲಿನ ಆರ್‌ಎಸ್‌ಎಸ್ ಕೆಬಿಯಲ್ಲಿಲ್ಲ, ಪುಟಗಳಲ್ಲಿದೆ. ಇದೇ ಜಾವಾ ಅಲ್ಲಿ 1753086 ಎಂದು ಕಾಣುತ್ತದೆ, ನಾಲ್ಕರಿಂದ ಗುಣಿಸಿದರೆ ಎರಡೂ ಹೊಂದುತ್ತವೆ. ಗುಣಿಸದೆ ಓದಿ "1.7 ಜಿಬಿ ಬಳಸಿದ್ದನ್ನು ಏಕೆ ಕೊಂದಿತು" ಎಂದು ತಲೆಕೆಡಿಸಿಕೊಳ್ಳುವವರು ಬಹಳ. ಎಲ್ಲಕ್ಕಿಂತ ಮೊದಲು ಬರುವ "ಇನ್‌ವೋಕ್ಡ್ ಊಮ್-ಕಿಲ್ಲರ್" ಸಾಲಿನಲ್ಲಿರುವ ಹೆಸರು ಅಪರಾಧಿಯದಲ್ಲ. ಆ ಕ್ಷಣ ಮೆಮೊರಿ ಕೇಳಿ ಸಿಕ್ಕಿಬಿದ್ದ ಯಾವುದೋ ಪ್ರೋಸೆಸ್‌ನದು. ಸಾಲು "ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ" ಎಂದು ಶುರುವಾದರೆ ಯಂತ್ರದ ಮೆಮೊರಿ ಮುಗಿದಿಲ್ಲ, ಕಂಟೇನರ್‌ನ ಮಿತಿ ಮುಗಿದಿದೆ. ಕಂಟೇನರ್‌ನ ಕಡೆಯಿಂದ ನೋಡಿದರೆ ಇದು ಎಕ್ಸಿಟ್ ಕೋಡ್ 137, ಅಂದರೆ 128 ಕೂಡಿಸು 9ನೇ ಸಿಗ್ನಲ್.

ಈ ದಾಖಲೆ ಉಳಿಯಬೇಕಲ್ಲ. ಲಾಗ್ ಕೂಡಿಡುವ ಸೇವೆಯಾದ ಜರ್ನಲ್‌ಡಿಯ ಹಲವು ಆವೃತ್ತಿಗಳ ಮೂಲ ಸಂಯೋಜನೆಯಲ್ಲಿ /ವಾರ್/ಲಾಗ್/ಜರ್ನಲ್ ಫೋಲ್ಡರ್ ಇಲ್ಲದಿದ್ದರೆ ಲಾಗು ಮೆಮೊರಿಯಲ್ಲಷ್ಟೇ ಇರುತ್ತದೆ, ರೀಬೂಟ್ ಆದರೆ ಹೋಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಬದಲು ಇವತ್ತೇ ಸ್ಟೋರೇಜ್=ಪರ್ಸಿಸ್ಟೆಂಟ್ ಎಂದು ಬರೆದು ಜರ್ನಲ್‌ಡಿ ರೀಸ್ಟಾರ್ಟ್ ಮಾಡಿ. ಜರ್ನಲ್‌ಸಿಟಿಎಲ್ ಆಜ್ಞೆಗೆ --ಲಿಸ್ಟ್-ಬೂಟ್ಸ್ ಕೊಟ್ಟಾಗ ಹಿಂದಿನ ಬೂಟ್‌ಗಳು ಕಂಡರೆ ಕೆಲಸ ಆಗಿದೆ.

ಇಷ್ಟು ಮಾಡಿದರೂ ಒಂದು ಕಿಂಡಿ ಉಳಿಯುತ್ತದೆ. ಜರ್ನಲ್‌ಡಿ ಕ್ರಿಟಿಕಲ್ ಹಾಗೂ ಅದಕ್ಕಿಂತ ಗಂಭೀರ ಮಟ್ಟದ ಸಾಲುಗಳನ್ನು ಮಾತ್ರ ತಕ್ಷಣ ಡಿಸ್ಕಿಗೆ ಇಳಿಸುತ್ತದೆ, ಉಳಿದದ್ದಕ್ಕೆ 5 ನಿಮಿಷದವರೆಗೆ ಕಾಯುತ್ತದೆ. ಊಮ್ ಕಿಲ್ಲರ್‌ನ ಸಾಲು ಎರರ್ ಮಟ್ಟದ್ದು. ಅದರ ಹಿಂದೆಯೇ ಯಂತ್ರ ಹೆಪ್ಪುಗಟ್ಟಿ ಯಾರೋ ಪವರ್ ತೆಗೆದರೆ ಸಾಕ್ಷಿಯೂ ಹೋಗುತ್ತದೆ. ಸಿಂಕ್‌ಇಂಟರ್ವಲ್‌ಸೆಕ್ ಅನ್ನು 30 ಸೆಕೆಂಡಿಗೆ ಇಳಿಸಿ, ಲಾಗನ್ನು ಇನ್ನೊಂದು ಯಂತ್ರಕ್ಕೂ ಕಳಿಸಿ. ರೇಟ್ ಮಿತಿ ಪ್ರತಿ ಸರ್ವಿಸ್‌ಗೆ 30 ಸೆಕೆಂಡಿಗೆ ಸುಮಾರು 10,000 ಸಾಲು. ಲಾಗಿನಲ್ಲಿ "ಸಪ್ರೆಸ್ಡ್" ಎಂಬ ಪದ ಕಂಡರೆ ಸಾಲುಗಳು ಕಳೆದಿವೆ ಎಂದೇ ಅರ್ಥ, ಅದನ್ನೂ ಒಂದು ಮೆಟ್ರಿಕ್ ಮಾಡಿ. ಹಳೆಯ ಲಾಗ್ ಫೈಲುಗಳನ್ನು ಸರದಿಯಂತೆ ಬದಲಿಸುವ ಲಾಗ್‌ರೊಟೇಟ್‌ನಲ್ಲಿ ಕಾಪಿಟ್ರಂಕೇಟ್ ಬೇಡ, ನಕಲು ಮತ್ತು ಅಳಿಸುವಿಕೆಯ ನಡುವೆ ಬರೆದ ಸಾಲುಗಳು ಮಾಯವಾಗುತ್ತವೆ.

ಏಜೆಂಟ್ ತಾನೇ ಬಲಿಯಾಗದಂತೆ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ಯೂನಿಟ್ ಫೈಲಿನಲ್ಲಿ ಊಮ್‌ಸ್ಕೋರ್‌ಅಡ್ಜಸ್ಟ್=-900 ಹಾಕಿ. ಇದರ ಜೊತೆ ಮೆಮೊರಿಮ್ಯಾಕ್ಸ್=256ಎಂ ತರಹದ ಮಿತಿಯೂ ಇರಲೇಬೇಕು, ಇಲ್ಲದಿದ್ದರೆ ಸೋರುವ ಏಜೆಂಟ್ ಬದುಕಿ ಉಳಿದವೆಲ್ಲ ಸಾಯುತ್ತವೆ.

ಇಸಿಸಿ ಮೆಮೊರಿ (ದೋಷವನ್ನು ತಾನೇ ಪತ್ತೆಮಾಡಿ ತಿದ್ದುವ ರ‍್ಯಾಮ್) ಇರುವ ಸರ್ವರ್‌ಗಳಲ್ಲಿ ಎಡ್ಯಾಕ್ ಫೋಲ್ಡರಿನ ಸಿಇ_ಕೌಂಟ್, ಯುಇ_ಕೌಂಟ್ ಎರಡನ್ನೂ ತನ್ನಿ. ಮೊದಲನೆಯದು ತಾನಾಗಿ ಸರಿಪಡಿಸಿಕೊಂಡ ದೋಷ, ಏರುವ ವೇಗ ನೋಡಿ. ಎರಡನೆಯದು ಸರಿಪಡಿಸಲಾಗದ್ದು; ಒಂದು ಬಂದರೂ ಆ ರ‍್ಯಾಮ್ ಪಟ್ಟಿ ಬದಲಿಸಲು ಸಮಯ ಗೊತ್ತುಮಾಡಿ.

ಹಂತ 9: ಕೆಡಿಸಿ ನೋಡಿ

ಪ್ರೊಡಕ್ಷನ್ ಅಲ್ಲದ ಯಂತ್ರದಲ್ಲಿ ಸಿಸ್ಟಂಡಿ-ರನ್ ಆಜ್ಞೆಯನ್ನು --ಸ್ಕೋಪ್ ಆಯ್ಕೆಯೊಂದಿಗೆ, ಮೆಮೊರಿಮ್ಯಾಕ್ಸ್=200ಎಂ, ಮೆಮೊರಿಸ್ವಾಪ್‌ಮ್ಯಾಕ್ಸ್=0 ಎಂಬ ಮಿತಿ ಕೊಟ್ಟು, ಅದರೊಳಗೆ ಟೇಲ್ /ಡೆವ್/ಝೀರೋ ಓಡಿಸಿ. ಎಂದೂ ಬಾರದ ಹೊಸ ಸಾಲಿಗಾಗಿ ಟೇಲ್ ಕಾಯುತ್ತಾ ಮೆಮೊರಿ ತುಂಬಿಕೊಳ್ಳುತ್ತಾ ಹೋಗುತ್ತದೆ, 200 ಎಂಬಿ ಮುಟ್ಟಿದ ಕೂಡಲೇ ಕರ್ನಲ್ ಅದನ್ನು ಕೊಲ್ಲುತ್ತದೆ, ಬೇರೆ ಯಾವುದಕ್ಕೂ ತೊಂದರೆಯಿಲ್ಲ. ಈಗ ಗಡಿಯಾರ ಹಿಡಿದು ನೋಡಿ: ಊಮ್_ಕಿಲ್ ಎಣಿಕೆ ಏರಿತೇ, ಕರ್ನಲ್ ಸಾಲು ದೂರದ ಲಾಗ್ ಸರ್ವರ್ ತಲುಪಿತೇ, ಅಲರ್ಟ್ ಎಷ್ಟು ಸೆಕೆಂಡಿಗೆ ಬಂತು.

ಎರಡನೆಯ ಪರೀಕ್ಷೆ ಓದುವಿಕೆಯದು. ಮೆಮ್‌ಇನ್ಫೋ ನಕಲನ್ನು ಒಂದು ಫೋಲ್ಡರಿನಲ್ಲಿಟ್ಟು, ಮೆಮ್‌ಅವೈಲಬಲ್ ಸಾಲು ಅಳಿಸಿ, ಇನ್ನೊಮ್ಮೆ ಫೈಲನ್ನೇ ಖಾಲಿ ಮಾಡಿ, ಏಜೆಂಟ್‌ಗೆ ಅದನ್ನೇ /ಪ್ರಾಕ್ ಎಂದು ತೋರಿಸಿ. ನೋಡ್ ಎಕ್ಸ್‌ಪೋರ್ಟರ್‌ನಲ್ಲಿ ಇದಕ್ಕೆ --ಪಾಥ್.ಪ್ರಾಕ್‌ಎಫ್‌ಎಸ್ ಎಂಬ ಆಯ್ಕೆ ಇದೆ. ನಿಮ್ಮದೇ ಏಜೆಂಟ್ ಆದರೆ ಇಂಥದೊಂದನ್ನು ಸೇರಿಸಿಕೊಳ್ಳಿ. ಗ್ರಾಫಿನಲ್ಲಿ ಗೆರೆ ಕಡಿದು ಅಲರ್ಟ್ ಬಂದರೆ ಸರಿ. ಗೆರೆ ಸೊನ್ನೆಗೆ ಇಳಿದು ನೆಟ್ಟಗೆ ಮುಂದುವರಿದರೆ ಹಂತ 6ಕ್ಕೆ ವಾಪಸು ಹೋಗಿ.